"ಏನು ತಿನ್ಸಿದ್ಯಮ್ಮ" ಅಂತ ಕೇಳೋದನ್ನ ನಾನು ಬಿಟ್ಟಿದ್ದು

ನಾನು ಸ್ಟಾಫ್ ನರ್ಸ್, ಹದಿನಾಲ್ಕು ವರ್ಷದಿಂದ ಮಕ್ಕಳ ವಾರ್ಡು, ದಾವಣಗೆರೆ ಕಡೆ ಒಂದು ತಾಲೂಕು ಆಸ್ಪತ್ರೆ. ಚಳಿ ಬಿತ್ತು ಅಂದ್ರೆ ನಮ್ಮಲ್ಲಿ ವಾಂತಿ ಭೇದಿ ಮಕ್ಕಳು ಜಾಸ್ತಿ, ಹೆಚ್ಚಿನವು ಆರು ತಿಂಗಳಿಂದ ಎರಡು ವರ್ಷದೊಳಗಿನವು, ಮೊದಲು ವಾಂತಿ ಜ್ವರ, ಆಮೇಲೆ ನೀರು ನೀರಾಗಿ ಭೇದಿ, ದಿನಕ್ಕೆ ಹತ್ತು ಹದಿನೈದು ಸಲ. ಎಷ್ಟೋ ವರ್ಷ ನಾನು ತಾಯಿ ಮುಖ ನೋಡಿದ ತಕ್ಷಣ ಕೇಳ್ತಿದ್ದ ಮೊದಲ ಮಾತು, "ಏನು ತಿನ್ಸಿದ್ಯಮ್ಮ, ನೀರು ಕಾಯ್ಸಿ ಕುಡಿಸ್ತೀಯೋ ಇಲ್ವೋ".

2021ರ ಡಿಸೆಂಬರ್, ಅಡಿಕೆ ಸುಲಿಯೋ ಸೀಸನ್. ರಾತ್ರಿ ಏಳರ ಮೇಲೆ ಒಂದು ಹುಡುಗಿ ಒಂಬತ್ತು ತಿಂಗಳ ಗಂಡು ಮಗೂನ ಎತ್ಕೊಂಡು ಬಂದ್ಲು. ಕಣ್ಣು ಒಳಗೆ ಹೋಗಿತ್ತು, ನೆತ್ತಿ ಗುಳಿ ಬಿದ್ದಿತ್ತು, ಹೊಟ್ಟೆ ಚರ್ಮ ಚಿವುಟಿ ಬಿಟ್ರೆ ಮಡಿಕೆ ಹಂಗೇ ನಿಲ್ತಿತ್ತು. ಅಳೋಕೂ ಶಕ್ತಿ ಇರ್ಲಿಲ್ಲ. ಭೇದಿ ಶುರುವಾಗಿ ಮೂರು ದಿನ ಆಗಿತ್ತು. ನಾನು ಅದೇ ಪ್ರಶ್ನೆ ಕೇಳ್ದೆ. ಅವಳು ತಲೆ ತಗ್ಗಿಸಿ, "ಕಾಯ್ಸೇ ಕುಡಿಸ್ತೀನಿ ಸಿಸ್ಟರ್, ನೀವು ಬೈತೀರಾ ಅಂತಾನೇ ನಿನ್ನೆ ಬರ್ಲಿಲ್ಲ" ಅಂದ್ಲು.

ಮಗು ಏಳು ಕೆಜಿ. ಎರಡು ಕೈಯಲ್ಲೂ ನರ ಸಿಗ್ಲಿಲ್ಲ, ಕೊನೆಗೆ ಕಾಲಲ್ಲಿ ಸಿಕ್ತು, ಮೊದಲ ಗಂಟೆಯಲ್ಲಿ ಆರ್‌ಎಲ್ ಅನ್ನೋ ಡ್ರಿಪ್ 210 ಎಂಎಲ್, ಮುಂದಿನ ಐದು ಗಂಟೆಯಲ್ಲಿ 490. ರಾತ್ರಿ ಎರಡೂವರೆಗೆ ಉಚ್ಚೆ ಹೊಯ್ತು, ಆಗ ನನಗೆ ಉಸಿರು ಬಂತು. ಆದ್ರೆ ಅವಳು ಹೇಳಿದ ಮಾತು ತಲೆಯಿಂದ ಹೋಗ್ಲಿಲ್ಲ, ಆ ಒಂದು ದಿನ ತಡ ಆಗಿದ್ದಕ್ಕೆ ನಾನೇ ಕಾರಣ ಅನ್ನಿಸ್ತು.

ನಮ್ಮಲ್ಲಿ ರೋಟಾ, ಅಂದ್ರೆ ಮಕ್ಕಳಿಗೆ ಭೇದಿ ತರೋ ರೋಟಾವೈರಸ್, ಟೆಸ್ಟ್ ಮಾಡಲ್ಲ, ಮಾಡಿದ್ರೂ ಟ್ರೀಟ್‌ಮೆಂಟ್ ಅದೇ. ಆದ್ರೆ ವಯಸ್ಸು, ಸೀಸನ್, ಲಕ್ಷಣ ನೋಡಿ ಡಾಕ್ಟರ್ ಇದು ರೋಟಾವೈರಸ್ಸೇ ಇರ್ಬೇಕು ಅಂದ್ರು, ಮಾರನೇ ದಿನ ಕೂರಿಸಿ ವಿವರಿಸಿದ್ರು ಕೂಡ. ಈ ವೈರಸ್ ಅಂಟೋಕೆ ಕಣ್ಣಿಗೆ ಕಾಣದಷ್ಟು ಸಾಕು, ಆಟದ ಸಾಮಾನು, ಚಮಚ, ಅಕ್ಕನ ಕೈ, ಎಲ್ಲಿಂದ ಬೇಕಾದ್ರೂ ಬರತ್ತೆ, ಹಾಗಾಗಿ ದೊಡ್ಡ ಮನೆ ಸಣ್ಣ ಮನೆ ಅನ್ನದೆ ಐದು ವರ್ಷದೊಳಗೆ ಹೆಚ್ಚು ಕಮ್ಮಿ ಎಲ್ಲ ಮಕ್ಕಳಿಗೂ ಒಂದ್ಸಲ ಆದ್ರೂ ಬಂದೇ ಬರತ್ತೆ. ಸೋಪು, ಕಾಯಿಸಿದ ನೀರು ಬೇಡ ಅಂತಲ್ಲ, ಬೇರೆ ಎಷ್ಟೋ ಕಾಯಿಲೆ ಅದ್ರಿಂದ ತಪ್ಪತ್ತೆ. ಆದ್ರೆ ಈ ಕಾಯಿಲೆಗೆ ತಾಯಿಯ ಕೊಳಕುತನ ಕಾರಣ ಅನ್ನೋದು ಸುಳ್ಳು. ಆಂಟಿಬಯೋಟಿಕ್ಕೂ ಕೆಲಸ ಮಾಡಲ್ಲ, ಬಾಟಲಿ ಬಾಟಲಿ ಬರ್ಕೊಡ್ತಾರೆ ಅಷ್ಟೇ.

ಆ ತಾಯಿ ಆಮೇಲೆ ಮಾತಾಡ್ತಾ ಲೆಕ್ಕ ಹೇಳಿದ್ಲು. ಹಲ್ಲು ಬರೋ ಭೇದಿ ಅಂತ ಅತ್ತೆ ಎರಡು ದಿನ ಕಾಯೋಣ ಅಂದ್ರು, ಆಮೇಲೆ ಕ್ಲಿನಿಕ್ಕು, ಇಂಜೆಕ್ಷನ್ನು, ಆಟೋ ಸೇರಿ ಸಾವಿರದ ನಾನೂರು ರೂಪಾಯಿ, ಅವಳ ಅಡಿಕೆ ಸುಲಿಯೋ ಕೂಲಿ ಹೋಯ್ತು, ಗಂಡನ ಕೆಲಸವೂ ಹೋಯ್ತು, ದೊಡ್ಡ ಮಗಳು ಸ್ಕೂಲ್ ಬಿಟ್ಟು ಮನೇಲಿ. ಲಸಿಕೆ ಬರೋ ಮುಂಚೆ ನಮ್ಮ ದೇಶದಲ್ಲಿ ರೋಟಾದಿಂದ ವರ್ಷಕ್ಕೆ ಸುಮಾರು 8.7 ಲಕ್ಷ ಮಕ್ಕಳು ಅಡ್ಮಿಟ್ ಆಗ್ತಿದ್ರು ಅನ್ನೋ ಅಂದಾಜಿದೆ, 2013ರ ಒಂದು ವರ್ಷದಲ್ಲೇ ಸುಮಾರು 47 ಸಾವಿರ ಮಕ್ಕಳು ತೀರಿಕೊಂಡ್ರು ಅಂತಾನೂ. ನನ್ನ ರಿಜಿಸ್ಟರಲ್ಲಿ ವಯಸ್ಸು, ತೂಕ, ತಾರೀಖು ಇರತ್ತೆ, ಅಡಿಕೆ ಮನೇಲಿ ಹೋದ ಕೂಲಿ ಬರೆಯೋಕೆ ಕಾಲಂ ಇಲ್ಲ.

ತಾಯಿ ಕಾರ್ಡ್ ತರಿಸಿ ನೋಡಿದ್ರೆ ರೋಟಾ ಲಸಿಕೆ ಹನಿ ಒಂದೇ ಡೋಸ್. ಆರು, ಹತ್ತು, ಹದಿನಾಲ್ಕು ವಾರಕ್ಕೆ ಮೂರು ಬೇಕು, ಸರ್ಕಾರಿ ಆಸ್ಪತ್ರೇಲಿ ಫ್ರೀ. ಬಾಣಂತನ ತವರಲ್ಲಿ, ಆಮೇಲೆ ಗಂಡನ ಮನೆಗೆ ಬಂದ್ಲು, ಇಲ್ಲಿನ ಆಶಾ ಲಿಸ್ಟಲ್ಲಿ ಹೆಸರಿಲ್ಲ, ನಡುವೆ ಎರಡು ಡೋಸ್ ತಪ್ಪಿತ್ತು. ಹನಿ ಹಾಕಿಸಿದ್ರೂ ಭೇದಿ ಬರಬಹುದು, ಆದ್ರೆ ಇಷ್ಟು ಸೀರಿಯಸ್ ಆಗೋದು ತುಂಬ ಕಮ್ಮಿ ಆಗತ್ತೆ.

ಈಗ ನಾನು ಮೊದಲು ಕೇಳೋದು, ಮಗು ಉಚ್ಚೆ ಯಾವಾಗ ಹೊಯ್ತಮ್ಮ, ಕಾರ್ಡ್ ತಂದಿದ್ಯಾ, ಓಆರ್‌ಎಸ್ ಪುಡಿ ಹೆಂಗೆ ಕಲಸಿದೆ ತೋರ್ಸು. ಆ ತಾಯಿ ಅವತ್ತು ಅರ್ಧ ಪ್ಯಾಕೆಟ್ ಒಂದು ಲೋಟಕ್ಕೆ ಹಾಕಿ ತೋರ್ಸಿದ್ಲು, ಅಷ್ಟು ಗಟ್ಟಿ ಆದ್ರೆ ಉಪ್ಪು ಜಾಸ್ತಿ ಆಗಿ ಮಗುಗೇ ಅಪಾಯ. ಬಸ್‌ಸ್ಟ್ಯಾಂಡಲ್ಲಿ ಸಿಗೋ ಒಂದು ಲೀಟರ್ ನೀರಿನ ಬಾಟಲಿ ಇಟ್ಟು, ಪೂರ್ತಿ ಪ್ಯಾಕೆಟ್ ಹಾಕ್ಸಿ ಕಲಸೋದು ಹೇಳ್ಕೊಟ್ಟೆ. ವಾಂತಿ ಮಾಡಿದ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರು, ಎದೆಹಾಲು ನಿಲ್ಲಿಸಬಾರದು, ಜಿಂಕ್ 14 ದಿನ, ಭೇದಿ ನಿಂತ್ರೂ ಕೂಡ.

ಜನವರಿಯಲ್ಲಿ ಅದೇ ಹುಡುಗಿ ಪಕ್ಕದ ಮನೆಯವಳನ್ನ ಕರ್ಕೊಂಡು ಬಂದ್ಲು. "ಬೈಯಲ್ಲ ಬಾ ಅಂತ ಹೇಳಿ ಕರ್ಕೊಂಬಂದೆ ಸಿಸ್ಟರ್" ಅಂದ್ಲು. ಭೇದಿ ಶುರುವಾಗಿ ಇನ್ನೂ ಅರ್ಧ ದಿನ, ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಕಲಸಿದ ಓಆರ್‌ಎಸ್ ಬಾಟಲಿ. ಆ ಮಗುಗೆ ಡ್ರಿಪ್ ಬೇಕಾಗ್ಲಿಲ್ಲ.