ಅತ್ತೆಯ ರಿಪೋರ್ಟ್

ಶಿರಸಿಯ ಅತ್ತೆಯ ಎಂಡೋಸ್ಕೋಪಿ ರಿಪೋರ್ಟ್ ಬಂತು. ಹೊಟ್ಟೆಯಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ. ರಕ್ತದಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 11 ನ್ಯಾನೋಗ್ರಾಂ. 20ಕ್ಕಿಂತ ಕಡಿಮೆಯಿದ್ದರೆ ಕೊರತೆ ಅಂತ ಲೆಕ್ಕ. ಪಾಪ, ವರ್ಷಗಟ್ಟಲೆ 'ಗ್ಯಾಸು' ಅಂದುಕೊಂಡು ಇಂಗು ಹಾಕಿದ ಮಜ್ಜಿಗೆ, ಜೀರಿಗೆ ತಂಬುಳಿಯಲ್ಲೇ ನೋವು ನುಂಗಿದವರು.

ಈ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವದಿಂದ ಸುತ್ತಲಿನ ಆಮ್ಲದ ತೀವ್ರತೆ ತಗ್ಗಿಸಿಕೊಂಡು ಜಠರದ ಲೋಳೆಪದರದಲ್ಲಿ ದಶಕಗಟ್ಟಲೆ ಬೀಡುಬಿಡಬಲ್ಲದು. ಹೊಟ್ಟೆಹುಣ್ಣಿಗೂ ಇದೇ ದೊಡ್ಡ ಕಾರಣ. ಆದರೆ ಹುಣ್ಣಿಗೆಲ್ಲ ಖಾರ, ಚಿಂತೆಯೇ ಕಾರಣ ಅನ್ನುತ್ತಿದ್ದ ಕಾಲದಲ್ಲಿ, 1984ರಲ್ಲಿ, ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ ಇದನ್ನು ತಾವೇ ಕುಡಿದು ಜಠರದ ಉರಿಯೂತ ತರಿಸಿಕೊಂಡು ತೋರಿಸಿದರು. ಎಂಥಾ ಧೈರ್ಯ! 2005ರಲ್ಲಿ ಸಹಸಂಶೋಧಕ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು.

ಈ ಸೋಂಕಿರುವವರಲ್ಲಿ ಡಿ ಕಡಿಮೆ, ಡಿ ಕಡಿಮೆಯಿದ್ದವರಲ್ಲಿ ಔಷಧಿ ಸೋಲುವುದು ಹೆಚ್ಚು ಅಂತ ಹಲವು ಅಧ್ಯಯನಗಳು ಹೇಳಿವೆ. ಯಾವುದರಿಂದ ಯಾವುದು ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಹಾಗಾಗಿ ಡಿ ಗುಳಿಗೆ ಆಂಟಿಬಯೋಟಿಕ್‌ಗೆ ಬದಲಿಯಲ್ಲ.

ಆದರೂ ಅತ್ತೆಯ ದಿನಚರಿ ನೆನೆದರೆ ಸಂಕಟ ಆಗ್ತದೆ. ಬೆಳಗಾದರೆ ಕೊಟ್ಟಿಗೆ, ನೆತ್ತಿಯ ಮೇಲೆ ಸೂರ್ಯ ಇರುವಾಗ ಅಡುಗೆಮನೆ, ಆಮೇಲೆ ಅಡಿಕೆ ತೋಟದ ನೆರಳು. ಮಳೆ ಹಿಡಿದರೆ ಬಿಸಿಲಿನ ಮುಖವೇ ಇಲ್ಲ. ಚರ್ಮ ಡಿ ತಯಾರಿಸೋದು ಹೆಚ್ಚಾಗಿ ನಡುಮಧ್ಯಾಹ್ನದ ಆಸುಪಾಸಿನ ಬಿಸಿಲಿನಲ್ಲಿ. ನಮ್ಮ ಮನೆಗಳ ಹೆಂಗಸರಿಗೆ ಆ ಹೊತ್ತು ಯಾವತ್ತು ಬಿಡುವಿತ್ತು?

ಈಗ ಆಂಟಿಬಯೋಟಿಕ್‌ನ 14 ದಿನದ ಕೋರ್ಸ್ ನಡೀತಿದೆ. ಬಾಯೆಲ್ಲ ಕಹಿ, ಬಿಟ್ಟುಬಿಡ್ತೆ ಅಂತಿದ್ದರು. ಕಾರವಾರದಿಂದ ಫೋನಲ್ಲಿ ಬೇಡಿಕೊಂಡೆ: "ಅತ್ತೆ, ಅರ್ಧಕ್ಕೆ ಬಿಡಬೇಡಿ. ಮುಗಿದು ತಿಂಗಳು ಕಳೆದ ಮೇಲೆ ಬ್ಯಾಕ್ಟೀರಿಯಾ ಹೋಯ್ತಾ ಅಂತ ಉಸಿರಿನ ಪರೀಕ್ಷೆ ಮಾಡಿಸುವಾ, ನಾನೇ ಬರ್ತೆ."