ನೋಸು ಸೃಷ್ಟಿಕಥನ ಕನ್ನಡಕ್ಕೆ: ಮೂರನೆಯ ತಿಂಗಳ ಟಿಪ್ಪಣಿ

ಚೀನಾದ ಸಿಚುವಾನ್ ಪ್ರಾಂತ್ಯದ ಲಿಯಾಂಗ್‌ಶಾನ್ ಬೆಟ್ಟಸೀಮೆಯಲ್ಲಿ ನೋಸು ಜನರು ನೆಲೆಸಿದ್ದಾರೆ. ಚೀನಾ ಸರ್ಕಾರವು ಯಿ ಎಂದು ಗುರುತಿಸಿರುವ ಅಲ್ಪಸಂಖ್ಯಾತ ಜನಾಂಗದ ದೊಡ್ಡ ಶಾಖೆ ಅವರದು. ಅವರ ಸೃಷ್ಟಿಕಥನದ 140 ಸಾಲುಗಳು ಈ ತಿಂಗಳು ಕನ್ನಡಕ್ಕೆ ಬಂದಿವೆ. ಆದರೆ ತಿಂಗಳ ಅರ್ಧ ಭಾಗ ಒಂದೇ ಹಕ್ಕಿಗೆ ಹೋಯಿತು.

ನೇಯುತ್ತ ಕುಳಿತ ಪುಮೊ ನಿಯಿ ಎಂಬ ಹೆಣ್ಣಿನ ಮೇಲೆ ಮುಗಿಲಿನಲ್ಲಿ ಹಾರುವ ಹಕ್ಕಿಯ ನೆತ್ತರ ಹನಿಗಳು ಬೀಳುತ್ತವೆ. ಅವುಗಳಿಂದ ಬಸಿರಾದ ಆಕೆ ಹೆರುವ ಮಗನೇ, ಮುಂದೆ ಲೋಕವನ್ನು ಸುಡುತ್ತಿದ್ದ ಹಲವು ಸೂರ್ಯರನ್ನು ಬಾಣದಿಂದ ಉರುಳಿಸುವ ಜಿಗೆ ಅಲು. ಆ ಹಕ್ಕಿಯನ್ನು ನಾನು ಮೊದಲು ‘ಗರುಡ’ ಎಂದು ಬರೆದಿದ್ದೆ. ಸಾಲಿಗೆ ಗಾಂಭೀರ್ಯವೇನೋ ಬಂದಿತು, ಆದರೆ ಅದರ ಬೆನ್ನಿಗೇ ವಿನತೆ, ಅಮೃತಕಲಶ, ವಿಷ್ಣು ಎಲ್ಲರೂ ಬಂದು ನೋಸು ತಾಯಿಯನ್ನು ಮರೆಮಾಡಿದರು. ‘ಗಿಡುಗ’ ಎಂದರೆ ಬೇಟೆಗೆ ಪಳಗಿಸಿದ ಹಕ್ಕಿ ನೆನಪಾಗುತ್ತದೆ. ‘ಹದ್ದು’ ಎಂದೊಡನೆ ನಮ್ಮ ಓದುಗರಿಗೆ ಹೆಣದ ಮೇಲೆ ಸುತ್ತುವ ಹಕ್ಕಿ ಕಾಣುವುದು ನಿಜ. ಆದರೂ ಆ ಪದಕ್ಕೆ ಅಂಟಿದ ಕೀಳುಭಾವವನ್ನು ಕಥೆಯೇ ತೊಳೆಯಬಲ್ಲದು, ಗರುಡನ ಪುರಾಣವನ್ನು ತೊಳೆಯಲು ಯಾವ ಅಡಿಟಿಪ್ಪಣಿಗೂ ಆಗದು ಎಂಬುದು ನನ್ನ ನಂಬಿಕೆ. ಆದ್ದರಿಂದ ಹದ್ದನ್ನೇ ಉಳಿಸಿದ್ದೇನೆ.

ನೋಸು ಮೂಲದ ರೋಮನ್ ಲಿಪಿಯ ಪಠ್ಯದಲ್ಲಿ ಉಚ್ಚಾರಾಂಶದ ಕೊನೆಗೆ ಬರುವ ಟಿ, ಎಕ್ಸ್, ಪಿ ಅಕ್ಷರಗಳು ವ್ಯಂಜನಗಳಲ್ಲ, ದನಿಯ ಏರಿಳಿತದ ಗುರುತುಗಳು. ಇದನ್ನು ತಡವಾಗಿ ತಿಳಿದ ಕಾರಣ ಹಿಂದಿನ ಹೆಸರುಗಳನ್ನೆಲ್ಲ ತಿದ್ದಿದೆ.

ಛಂದಸ್ಸು ಇನ್ನೂ ಕೈಗೆ ಹತ್ತಿಲ್ಲ. ಮೂಲದಲ್ಲಿ ಐದು ಉಚ್ಚಾರಾಂಶಗಳ ಸಾಲುಗಳೇ ಹೆಚ್ಚು. ಕನ್ನಡದಲ್ಲಿ ಒಂದು ಪದಕ್ಕೆ ವಿಭಕ್ತಿ ಸೇರುವಷ್ಟರಲ್ಲಿ ಐದು ಅಕ್ಷರ ಮುಗಿದುಹೋಗುತ್ತವೆ. ಲಲಿತ ರಗಳೆಯ ಐದು ಮಾತ್ರೆಯ ಗಣಗಳನ್ನು ಸಾಲಿಗೆ ಎರಡರಂತೆ ಇಟ್ಟು ನೋಡಿದಾಗ ನಡಿಗೆಯ ಬಿಗಿ ಉಳಿಯಿತು, ಆದರೆ ಕೆಲವೆಡೆ ಕ್ರಿಯಾಪದವೇ ಮುಂದಿನ ಸಾಲಿಗೆ ಜಾರಿತು.

ಈಗ ಕಾಡುತ್ತಿರುವುದು ಕಪ್ಪು. ನೋಸು ಎಂಬ ಹೆಸರಿನ ‘ನೋ’ ಎಂದರೆ ಕಪ್ಪು. ಅಲ್ಲಿ ಅದು ಹಿರಿಮೆಯ ಬಣ್ಣ, ಅವರ ಮರದ ಪಾತ್ರೆಗಳ ಮೇಲೆ ಕೆಂಪು, ಹಳದಿಗಳೊಡನೆ ಬೆಳಗುವ ಬಣ್ಣ. ಕನ್ನಡದ ‘ಕಪ್ಪು’ ಕಳಂಕದ ಕಡೆಗೆ ವಾಲುತ್ತದೆ. ‘ಕಾರ್ಮುಗಿಲು’ ಎಂಬಲ್ಲಿರುವ ‘ಕಾರ್’ ಮಾತ್ರ ಮಳೆಯ ಭಾರವನ್ನೂ ಭರವಸೆಯನ್ನೂ ಹೊತ್ತಿದೆ. ಮುಂದಿನ 30 ಸಾಲುಗಳನ್ನು ಅದರಿಂದಲೇ ಕಟ್ಟಿ, ಗಟ್ಟಿಯಾಗಿ ಓದಿ ನೋಡುತ್ತೇನೆ.