ಊಟಕ್ಕೆ ಕರೆಯುವ ಮೊದಲು: ಅಲರ್ಜಿ ವಿಚಾರಿಸುವ ಆಡುಮಾತಿನ ಫ್ರೆಂಚ್

ಫ್ರಾನ್ಸಿನಲ್ಲಿ ಗೆಳೆಯರ ನಡುವೆ ಪಠ್ಯಪುಸ್ತಕದ ‘ಎ ತ್ಯು ಅಲೆರ್ಝೀಕ್?’ (ನಿನಗೆ ಅಲರ್ಜಿ ಇದೆಯೇ?) ತೀರಾ ಬಿಗಿಯಾಗಿ ಕೇಳಿಸುತ್ತದೆ. ಆಡುಮಾತಿನಲ್ಲಿ ‘ತ್ಯು ಎ’ (ನೀನು ಆಗಿದ್ದೀಯ) ಕೂಡಿ ‘ತೆ’ ಆಗುತ್ತದೆ, ‘ತ್ಯು ಆ’ (ನಿನಗೆ ಇದೆ) ಕೂಡಿ ‘ತಾ’. ಹಾಗಾಗಿ ‘ತೆ ಅಲೆರ್ಝೀಕ್ ಅ ಕೆಲ್ಕ ಶೋಜ಼್?’ ಅಥವಾ ಇನ್ನೂ ಚಿಕ್ಕದಾಗಿ ‘ತಾ ದೆಜ಼ಲೆರ್ಝೀ?’ ಎನ್ನಿ. ಕೊನೆಯಲ್ಲಿ ದನಿ ಏರಿದರೆ ಸಾಕು, ಅದೇ ಪ್ರಶ್ನೆ. ಗಂಡಸಿಗೂ ಹೆಂಗಸಿಗೂ ‘ಅಲೆರ್ಝೀಕ್’ ಒಂದೇ ರೂಪ. ಹಲವರನ್ನು ಒಟ್ಟಿಗೆ ಕೇಳುವಾಗ ಎಷ್ಟೇ ಸಲುಗೆಯಿದ್ದರೂ ಏಕವಚನದ ‘ತ್ಯು’ ಸಲ್ಲದು, ‘ವೂ’ ಬೇಕು: ‘ವೂಜ಼ಾವೆ ದೆಜ಼ಲೆರ್ಝೀ?’

ಯಾವುದರ ಅಲರ್ಜಿ ಎನ್ನಲು ‘ಅ’ ಬೇಕು. ಅನೇಕರು ‘ದ’ ಹಾಕಿ ತಪ್ಪುತ್ತಾರೆ. ಈ ‘ಅ’ ಮುಂದಿನ ಪುಲ್ಲಿಂಗದ ‘ಲ’ ಅಥವಾ ಬಹುವಚನದ ‘ಲೆ’ ಜೊತೆ ಬೆರೆತು ‘ಓ’ ಆಗುತ್ತದೆ: ಹಾಲಿಗೆ ‘ಓ ಲೆ’, ಶೇಂಗಾಕ್ಕೆ ‘ಓ ಕಕವೆತ್’. ಸ್ತ್ರೀಲಿಂಗದ ಏಕವಚನದಲ್ಲಿ ಬೆರೆಯುವುದಿಲ್ಲ: ‘ಅ ಲಾ ಪೆನಿಸಿಲೀನ್’.

ಎಲ್ಲಕ್ಕಿಂತ ಅಪಾಯದ ಪದ ‘ನ್ವಾ’. ಕೋಶ ನೋಡಿದವರು ಎಲ್ಲ ಬಗೆಯ ಬೀಜಗಳಿಗೂ ಇದೇ ಪದ ಎಂದುಕೊಳ್ಳುತ್ತಾರೆ, ಆದರೆ ದಿನಬಳಕೆಯಲ್ಲಿ ಬರೀ ‘ನ್ವಾ’ ಎಂದರೆ ಅಕ್ರೋಟು. ‘ತೆ ಅಲೆರ್ಝೀಕ್ ಓ ನ್ವಾ?’ ಎಂದು ಕೇಳಿದರೆ ಬಾದಾಮಿ ಆಗದವರೂ ‘ನೋಂ’ ಎಂದುಬಿಡಬಹುದು. ಬಾದಾಮಿ, ಗೋಡಂಬಿ, ಪಿಸ್ತಾ, ಅಕ್ರೋಟು ಎಲ್ಲವನ್ನೂ ಹಿಡಿಯುವ ಪದ ‘ಫ್ರುಯಿ ಅ ಕೊಕ್’. ಶೇಂಗಾ ಇದರೊಳಗೆ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಕೇಳಬೇಕು. ಪೊಟ್ಟಣದ ಮೇಲೆ ಅದು ‘ಕಕವೆತ್’ ಅಲ್ಲ, ‘ಅರಶೀದ್’.

‘ತ್ಯು ಮಾಂಝ್ ದ ತೂ?’, ಅಂದರೆ ಎಲ್ಲಾ ತಿನ್ನುತ್ತೀಯಾ, ಎಂಬ ಪ್ರಶ್ನೆ ಬಹಳ ರೂಢಿಯಲ್ಲಿದೆ. ಕೇಳಲು ಚೆಂದ, ಆದರೆ ಇದೊಂದನ್ನೇ ನಂಬಬೇಡಿ. ಪ್ರಶ್ನೆ ಕೇಳಿಸಿಕೊಂಡವರು ರುಚಿಯ ಬಗ್ಗೆ ಯೋಚಿಸಿ ಉತ್ತರಿಸುತ್ತಾರೆ. ‘ಯಾ ಕೆಲ್ಕ ಶೋಜ಼್ ಕ ತ್ಯು ಪೆ ಪಾ ಮಾಂಝೆ?’ ಎಂದರೆ ತಿನ್ನಲಾಗದ್ದು ಏನಾದರೂ ಇದೆಯೇ ಎಂದು. ಇಲ್ಲಿನ ‘ಪೆ ಪಾ’ ಮುಖ್ಯ. ಬರಹದ ಫ್ರೆಂಚಿನ ‘ನ’ ಆಡುಮಾತಿನಲ್ಲಿ ಬಿದ್ದುಹೋಗಿ, ನಿರಾಕರಣೆಯ ಭಾರವೆಲ್ಲ ‘ಪಾ’ ಮೇಲೆಯೇ ಬೀಳುತ್ತದೆ. ಅದನ್ನು ನುಂಗಿದರೆ ಅರ್ಥವೇ ತಿರುಗುಮುರುಗು.

ಉತ್ತರ ಬಂದ ಮೇಲೂ ಕೆಲಸ ಮುಗಿಯದು. ಫ್ರೆಂಚರು ಸೇರದ ಸಂಗತಿಗೂ ‘ಅಲೆರ್ಝೀಕ್’ ಎಂದುಬಿಡುತ್ತಾರೆ, ವ್ಯಾಯಾಮಕ್ಕೂ ಸೈ. ಆದ್ದರಿಂದ ಹಿಂಜರಿಯದೆ ಕೇಳಿ: ‘ವ್ರೆಮಾಂ ಅಲೆರ್ಝೀಕ್, ಊ ತೆಮ್ ಝ್ಯುಸ್ತ್ ಪಾ?’ ನಿಜವಾಗಿ ಅಲರ್ಜಿಯೋ, ಬರೀ ಇಷ್ಟವಿಲ್ಲವೋ? ನಿಜವೇ ಆದರೆ ಇನ್ನೆರಡು ಪ್ರಶ್ನೆ: ‘ಮೆಮ್ ಲೆ ತ್ರಾಸ್?’, ಅಂದರೆ ಲವಲೇಶವೂ ಆಗದೇ? ‘ತಾ ತೊಂ ಸ್ತಿಲೊ?’, ಅಂದರೆ ಅಡ್ರಿನಲಿನ್ ಚುಚ್ಚುಮದ್ದಿನ ಪೆನ್ನು ಜೊತೆಗಿದೆಯೇ? ‘ಲವಲೇಶವೂ ಆಗದು’ ಎಂದರೆ ಚಾಕು, ಹಲಗೆ, ಕರಿಯುವ ಎಣ್ಣೆ ಎಲ್ಲವೂ ಬೇರೆಯಾಗಬೇಕು.

ಯುರೋಪಿಯನ್ ಒಕ್ಕೂಟದ 1169/2011ನೇ ನಿಯಮದಂತೆ 14 ಅಲರ್ಜಿಕಾರಕಗಳನ್ನು ಪೊಟ್ಟಣದ ಪದಾರ್ಥಪಟ್ಟಿಯಲ್ಲಿ ಎದ್ದುಕಾಣುವಂತೆ ಮುದ್ರಿಸಲೇಬೇಕು, ಸಾಮಾನ್ಯವಾಗಿ ದಪ್ಪಕ್ಷರದಲ್ಲಿ. ಆದರೆ ‘ಪೆ ಕೋಂತ್‌ನೀರ್ ದೆ ತ್ರಾಸ್’ (ಲವಲೇಶ ಇರಬಹುದು) ಎಂಬ ಎಚ್ಚರಿಕೆ ತಯಾರಕರ ಇಚ್ಛೆಗೆ ಬಿಟ್ಟದ್ದು. ಅದಿಲ್ಲದ ಮಾತ್ರಕ್ಕೆ ಪೂರ್ತಿ ಸುರಕ್ಷಿತ ಎನ್ನಲಾಗದು. ಹಾಗಾಗಿ ಅಡುಗೆಗೆ ಬಳಸಿದ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಂಡು, ಅತಿಥಿ ಬಂದ ಕೂಡಲೇ ಮುಂದಿಟ್ಟು ಕೇಳಿ: ‘ತ್ಯು ವೆ ಲೀರ್ ಲೆಜ಼ೆತಿಕೆತ್?’ ಚೀಟಿಗಳನ್ನು ನೀನೇ ಓದುತ್ತೀಯಾ?